ಊರ ಕಣ್ಣನ್ನು ಊರವರೇ ಕಾಯಬೇಕು

(ಬರ್ಬ್ಯಾಂಕ್‌ನಲ್ಲಿ ನಡೆದ ನಮ್ಮ ವೇದಿಕೆಯ ವಾರ್ಷಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಊಟಕ್ಕೆ ಮೊದಲು ಹದಿನೈದು ನಿಮಿಷ ಮಾತಾಡಿ ಅಂತ ಕಾರ್ಯದರ್ಶಿಗಳು ಹೇಳಿದ್ದಾರೆ. ಒಳಗಿಂದ ಬಿಸಿಬೇಳೆಬಾತಿನ ವಾಸನೆ ಬರ್ತಾ ಇದೆ. ಹಾಗಾಗಿ ಸುತ್ತಿ ಬಳಸಿ ಮಾತಾಡೋದಿಲ್ಲ.

ನಾನು ಡಾಕ್ಟರ್ ಅಲ್ಲ. ಇಲ್ಲೇ ಬರ್ಬ್ಯಾಂಕ್‌ನಲ್ಲಿ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡೋಳು. ಡಾಕ್ಟರು ಬರೆದುಕೊಟ್ಟ ಚೀಟಿ ನೋಡಿ ಗಾಜು ಹಾಕಿಸೋದು, ಫ್ರೇಮು ಮೂಗಿಗೆ ಕೂರಿಸೋದು, ಕಿವಿಯ ಹಿಂದೆ ಕಡ್ಡಿ ಬಗ್ಗಿಸಿಕೊಡೋದು ನನ್ನ ದಿನದ ಕೆಲಸ. ಸ್ಟುಡಿಯೋಗಳಲ್ಲಿ ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ ಕೂರುವ ಹುಡುಗರು, ಹೋಟೆಲ್ ಅಡುಗೆಮನೆಯವರು, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದವರು, ಎಲ್ಲರೂ ನನ್ನ ಮೇಜಿಗೆ ಬರ್ತಾರೆ. ಕಣ್ಣಿನ ಬಗ್ಗೆ ನನಗೆ ಗೊತ್ತಿರೋದು ಆ ಮೇಜಿನಿಂದ ಮತ್ತು ನಮ್ಮೂರಿನಿಂದ. ನಮ್ಮೂರು ಬಾದಾಮಿ ತಾಲ್ಲೂಕಿನಲ್ಲಿದೆ.

ಈ ವರ್ಷ ನಮ್ಮ ವೇದಿಕೆಯ ಸೇವಾನಿಧಿಯಿಂದ ಊರಲ್ಲಿ ಒಂದು ದೊಡ್ಡ ನೇತ್ರ ಶಿಬಿರ ಮಾಡಿಸೋಣ ಅನ್ನೋ ಮಾತು ಬಂದಿದೆ. ಡಿಸೆಂಬರ್ ರಜೆಯಲ್ಲಿ ನಾವು ನಾಲ್ಕಾರು ಜನ ಹೋಗೋದು, ಶಾಮಿಯಾನ ಹಾಕಿಸೋದು, ಒಂದೇ ದಿನ ಸಾವಿರ ಜನಕ್ಕೆ ತಪಾಸಣೆ ಮಾಡಿಸೋದು. ಒಳ್ಳೆ ಮನಸ್ಸಿನಿಂದ ಬಂದ ಯೋಚನೆ. ಆ ಮನಸ್ಸಿಗೆ ನನ್ನ ವಿರೋಧ ಇಲ್ಲ. ಆದರೆ ಆ ದುಡ್ಡು ಬೇರೆ ರೀತಿಯಲ್ಲಿ ಖರ್ಚಾದರೆ ಹೆಚ್ಚು ಕಣ್ಣು ಉಳಿಯುತ್ತೆ ಅಂತ ನನ್ನ ವಾದ. ಯಾಕೆ ಅನ್ನೋದನ್ನ ಹೇಳೋಕೆ ನಿಂತಿದ್ದೀನಿ.

ಮೊದಲು ಒಂದು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ದೃಷ್ಟಿಯ ಬಗ್ಗೆ ಒಂದು ವರದಿ ತಂತು. ಜಗತ್ತಿನಲ್ಲಿ 220 ಕೋಟಿ ಜನಕ್ಕೆ ಒಂದಲ್ಲ ಒಂದು ಬಗೆಯ ದೃಷ್ಟಿದೋಷ ಇದೆ, ಅದರಲ್ಲಿ ಕನಿಷ್ಠ 100 ಕೋಟಿ ಜನರದ್ದು ತಡೆಯಬಹುದಾಗಿದ್ದ ಅಥವಾ ಈಗಲೂ ಸರಿಮಾಡಬಹುದಾದ ತೊಂದರೆ ಅಂತ ಅದು ಹೇಳುತ್ತೆ. ಭಾರತದಲ್ಲಿ 2015ರಿಂದ 2019ರವರೆಗೆ ರಾಷ್ಟ್ರಮಟ್ಟದ ಸಮೀಕ್ಷೆ ನಡೆಯಿತು. 50 ವರ್ಷ ದಾಟಿದವರಲ್ಲಿ ಕುರುಡಿಗೆ ಕಾರಣ ಏನು ಅಂತ ನೋಡಿದರೆ ಸುಮಾರು ಮೂರರಲ್ಲಿ ಎರಡು ಪಾಲು ಕಣ್ಣಿನ ಪೊರೆ. ಪೊರೆ ಅಂದರೆ ಅರ್ಧ ಗಂಟೆಯೂ ಹಿಡಿಯದ ಶಸ್ತ್ರಚಿಕಿತ್ಸೆಯಿಂದ ಹೋಗುವಂಥದ್ದು, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಆಗುವಂಥದ್ದು. ಔಷಧ ಇದೆ, ಡಾಕ್ಟರು ಇದ್ದಾರೆ, ಆದರೂ ಕತ್ತಲೆ ಇದೆ. ಹಾಗಾದರೆ ಮಧ್ಯೆ ಎಲ್ಲೋ ದಾರಿ ಕಡಿದಿದೆ ಅಂತ ಅರ್ಥ ಅಲ್ಲವಾ?

ಶಿಬಿರ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗೋದು ಡಾ. ಎಂ. ಸಿ. ಮೋದಿ. ಬೀಳಗಿಯವರು, ಅಂದರೆ ನಮ್ಮ ಪಕ್ಕದ ತಾಲ್ಲೂಕಿನವರು. 1940ರ ದಶಕದಲ್ಲೇ ಸಾಮೂಹಿಕ ಕಣ್ಣಿನ ಚಿಕಿತ್ಸೆ ಶುರು ಮಾಡಿದವರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದು, 1993ರ ಫೆಬ್ರವರಿ ಹೊತ್ತಿಗೆ ಒಟ್ಟು 6,10,564 ಶಸ್ತ್ರಚಿಕಿತ್ಸೆ ಮುಗಿಸಿದ್ದು ಗಿನ್ನೆಸ್ ಪುಸ್ತಕದಲ್ಲಿ ದಾಖಲಾಗಿದೆ. 2005ರಲ್ಲಿ ತೀರಿಕೊಂಡರು. ಬೆಂಗಳೂರಿನ ವೆಸ್ಟ್ ಆಫ್ ಕಾರ್ಡ್ ರೋಡಿನ ಹತ್ತಿರ ಅವರ ಆಸ್ಪತ್ರೆಯ ಹೆಸರಿನ ರಸ್ತೆಯೇ ಇದೆ, ನಿಮ್ಮಲ್ಲಿ ಎಷ್ಟೋ ಜನ ಅಲ್ಲಿ ಬಸ್ಸು ಹತ್ತಿ ಇಳಿದವರು.

ನಮ್ಮ ಅಜ್ಜಿಗೂ ಅಂಥ ಒಂದು ಶಿಬಿರದಲ್ಲೇ ಕಣ್ಣು ಬಂದದ್ದು. ಅಜ್ಜಿ ಆ ಕತೆ ಹೇಳುವಾಗ ಡಾಕ್ಟರ ಕೈಚಳಕ ಎರಡು ಮಾತಲ್ಲಿ ಮುಗಿಸುತ್ತಿದ್ದಳು. ಉಳಿದದ್ದೆಲ್ಲ ಊರಿನ ಸುದ್ದಿ. ಯಾರ ಚಕ್ಕಡಿಯಲ್ಲಿ ಹೋದದ್ದು, ಯಾರ ಮನೆಯಿಂದ ಜೋಳದ ರೊಟ್ಟಿ ಬುಟ್ಟಿ ಬಂದದ್ದು, ಸಾಲಾಗಿ ಮಲಗಿದವರಿಗೆ ಕಣ್ಣಿಗೆ ಪಟ್ಟಿ ಕಟ್ಟಿದ್ದಾಗ ಯಾವ ಹುಡುಗರು ಕೈಹಿಡಿದು ಬಯಲಿಗೆ ಕರಕೊಂಡು ಹೋದರು, ಯಾವ ಸಾಹುಕಾರರು ಹಾಲು ಕೊಟ್ಟರು. ಆಗ ಪೊರೆ ತೆಗೆದ ಮೇಲೆ ದಿನಗಟ್ಟಲೆ ಅಲುಗಾಡದೆ ಮಲಗಬೇಕಿತ್ತು. ಊರಿಗೆ ಊರೇ ನಿಂತು ನೋಡಿಕೊಳ್ಳದಿದ್ದರೆ ಆ ಕೆಲಸ ನಡೀತಾನೇ ಇರಲಿಲ್ಲ. ಮೋದಿಯವರ ಶಿಬಿರದ ಫೋಟೋದಲ್ಲಿ ನಮಗೆ ಕಾಣೋದು ಡಾಕ್ಟರು. ಶಿಬಿರ ಹೊತ್ತದ್ದು ಮಾತ್ರ ಊರಿನ ಹೆಗಲು.

ಈಗ ನನ್ನ ಕಸುಬಿನ ಮಾತು ಸ್ವಲ್ಪ. ಆ ಕಾಲದಲ್ಲಿ ಪೊರೆ ತೆಗೆದರೆ ಕಣ್ಣಿನೊಳಗಿನ ಮಸೂರವೇ ಹೋಗುತ್ತಿತ್ತು. ಅದಕ್ಕೆ ಬದಲಾಗಿ ಸೋಡಾ ಬಾಟಲಿಯ ತಳದಂಥ ದಪ್ಪ ಗಾಜು. ಸುಮಾರು ಪ್ಲಸ್ 10 ಪವರ್. ಆ ಗಾಜಿನಲ್ಲಿ ಎಲ್ಲ ದೊಡ್ಡದಾಗಿ, ಹತ್ತಿರ ಬಂದಂತೆ ಕಾಣುತ್ತೆ, ಪಕ್ಕದ್ದು ಕಾಣೋದೇ ಇಲ್ಲ. ಅಜ್ಜಿ ಲೋಟ ಹಿಡಿಯೋಕೆ ಹೋಗಿ ಗಾಳಿ ಹಿಡಿಯುತ್ತಿದ್ದಳು. ಕನ್ನಡಕ ಒಡೆದರೆ ಮತ್ತೆ ಕುರುಡು. ಕಣ್ಣೊಳಗೇ ಕೂರಿಸುವ ಕೃತಕ ಮಸೂರವನ್ನು ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಅನ್ನೋ ಡಾಕ್ಟರು 1949ರಲ್ಲೇ ಮೊದಲು ಹಾಕಿದ್ದರು. ಆದರೆ ಬಡವರ ಕಣ್ಣಿಗೆ ಅದು ಬರೋಕೆ ನಾಲ್ಕು ದಶಕ ಬೇಕಾಯಿತು. ಮದುರೈನ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲಿ ಅರೋಲ್ಯಾಬ್ ಶುರು ಮಾಡಿ ಆ ಮಸೂರವನ್ನು ನಮ್ಮಲ್ಲೇ ಅಗ್ಗಕ್ಕೆ ಮಾಡಿದ ಮೇಲೆ ಚಿತ್ರ ಬದಲಾಯಿತು. ಇವತ್ತು ಪೊರೆ ಆದವರಿಗೆ ಸೋಡಾಗಾಜು ಬೇಕಾಗಿಲ್ಲ. ಆದರೆ ಆ ಶಸ್ತ್ರಚಿಕಿತ್ಸೆಗೆ ಸೂಕ್ಷ್ಮದರ್ಶಕ ಬೇಕು, ಅಳತೆಯ ಯಂತ್ರ ಬೇಕು, ಕ್ರಿಮಿಯಿಲ್ಲದ ಕೋಣೆ ಬೇಕು. ಶಾಲೆಯ ಹಾಲಿನಲ್ಲಿ, ಛತ್ರದಲ್ಲಿ ಮಾಡುವ ಕಾಲ ಹೋಯಿತು, ಹೋಗಲೇಬೇಕಿತ್ತು. ಈಗ ಶಿಬಿರ ಅಂದರೆ ತಪಾಸಣೆ ಅಷ್ಟೇ. ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲಿ.

ಹಾಗಾದರೆ ತಪಾಸಣೆಗಾದರೂ ಜನ ಬರ್ತಾರಾ? ಅರವಿಂದ ಆಸ್ಪತ್ರೆಯವರು ಶಿಬಿರ ಮಾಡೋದರಲ್ಲಿ ಎತ್ತಿದ ಕೈ. ತಮಿಳುನಾಡಿನ ಹಳ್ಳಿಗಳಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ಕಣ್ಣಿನ ತೊಂದರೆ ಇದ್ದ ದೊಡ್ಡವರಲ್ಲಿ ಶಿಬಿರಕ್ಕೆ ಬಂದವರು ನೂರಕ್ಕೆ ಏಳು ಜನ ಮಾತ್ರ! ಅದೂ ಊರ ಬಾಗಿಲಿಗೇ ಬಂದ, ದುಡ್ಡು ಕೇಳದ ಶಿಬಿರಕ್ಕೆ. ಉಳಿದ ತೊಂಬತ್ಮೂರು ಜನ ಯಾಕೆ ಬರಲಿಲ್ಲ? ಹೆದರಿಕೆ. ಜೊತೆಗೆ ಬರೋರು ಇಲ್ಲ. ಒಂದು ದಿನದ ಕೂಲಿ ಹೋಗುತ್ತೆ. ಮೊಮ್ಮಗುವನ್ನು ಯಾರು ನೋಡಿಕೊಳ್ತಾರೆ. ಇಷ್ಟು ವಯಸ್ಸಾಯ್ತು, ಇನ್ನೇನು ನೋಡೋದಿದೆ. ಈ ಮಾತುಗಳನ್ನ ನಾವೆಲ್ಲ ನಮ್ಮ ಮನೆಯಲ್ಲೇ ಕೇಳಿದ್ದೀವಿ. ಅದರಲ್ಲೂ ಹೆಂಗಸರ ಬಾಯಲ್ಲಿ. ಜಗತ್ತಿನಲ್ಲಿ ಕಣ್ಣು ಕಾಣದವರಲ್ಲಿ ಹೆಂಗಸರೇ ಹೆಚ್ಚು ಅನ್ನೋದು ಸುಮ್ಮನೆ ಅಲ್ಲ.

ಅರವಿಂದದವರು ಆ ಏಳನ್ನು ನೋಡಿ ಸುಮ್ಮನಾಗಲಿಲ್ಲ. ಈ ಆಸ್ಪತ್ರೆ ಕಟ್ಟಿದ ಡಾ. ವೆಂಕಟಸ್ವಾಮಿ ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ 1976ರಲ್ಲಿ 11 ಹಾಸಿಗೆಯಿಂದ ಶುರು ಮಾಡಿದವರು. ಸಂಧಿವಾತದಿಂದ ಬೆರಳು ಸೊಟ್ಟಗಾಗಿದ್ದರೂ ಸಾವಿರಾರು ಕಣ್ಣು ಆಪರೇಷನ್ ಮಾಡಿದವರು. ಆ ಸಂಸ್ಥೆ ಹಳ್ಳಿಯ ಹೆಣ್ಣುಮಕ್ಕಳನ್ನೇ ತರಬೇತಿ ಕೊಟ್ಟು ಕಣ್ಣಿನ ಕೆಲಸಕ್ಕೆ ತಯಾರು ಮಾಡಿತು. ಆಮೇಲೆ ಸಣ್ಣ ಸಣ್ಣ ಊರುಗಳಲ್ಲಿ ದೃಷ್ಟಿ ಕೇಂದ್ರ ತೆರೆಯಿತು. ಎರಡು ಕೋಣೆ, ಇಬ್ಬರು ಹೆಣ್ಣುಮಕ್ಕಳು, ಒಂದು ತಪಾಸಣಾ ಯಂತ್ರ, ದೂರದ ಡಾಕ್ಟರ ಜೊತೆ ವಿಡಿಯೋದಲ್ಲಿ ಮಾತು. ಶಿಬಿರ ವರ್ಷಕ್ಕೊಂದು ಸಲ ಬಂದು ಹೋಗುತ್ತೆ. ಈ ಕೋಣೆ ಸೋಮವಾರವೂ ಇರುತ್ತೆ, ಮಂಗಳವಾರವೂ ಇರುತ್ತೆ. ಸಂತೆಗೆ ಬಂದ ಅಜ್ಜಿ ಹಾಗೇ ಒಂದು ಗಳಿಗೆ ಒಳಗೆ ಬಂದು ಹೋಗಬಹುದು.

ಕರ್ನಾಟಕದ್ದೇ ಒಂದು ಉದಾಹರಣೆ ಹೇಳ್ತೀನಿ, ಇದು ಕೂಸುಗಳ ಕಣ್ಣಿನ ವಿಷಯ. ತಿಂಗಳು ತುಂಬುವ ಮುಂಚೆ ಹುಟ್ಟಿದ ಮಕ್ಕಳ ಕಣ್ಣಿನ ಹಿಂಪರದೆಯಲ್ಲಿ ರಕ್ತನಾಳ ಸರಿಯಾಗಿ ಬೆಳೆದಿರೋದಿಲ್ಲ. ಅದು ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಕಿತ್ತರೆ ಮಗು ಜೀವನಪೂರ್ತಿ ಕುರುಡು. ಹುಟ್ಟಿದ 30 ದಿನದೊಳಗೆ ನೋಡಿದರೆ, ಬೇಕಾದವರಿಗೆ ಲೇಸರ್ ಕೊಟ್ಟರೆ, ಉಳಿಯುತ್ತೆ. ಆದರೆ ಅದನ್ನು ನೋಡಬಲ್ಲ ತಜ್ಞರು ಬೆಂಗಳೂರಿನಂಥ ಊರಲ್ಲಿ ಬೆರಳೆಣಿಕೆಯಷ್ಟು, ಮಕ್ಕಳು ಹುಟ್ಟೋದು ಎಲ್ಲ ಜಿಲ್ಲೆಗಳಲ್ಲಿ. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ಮತ್ತು ಅವರ ತಂಡ ಕಿಡ್ರಾಪ್ ಅನ್ನೋ ಯೋಜನೆ ಶುರು ಮಾಡಿದರು. ಡಾಕ್ಟರಲ್ಲದ ತಂತ್ರಜ್ಞರಿಗೆ ತರಬೇತಿ ಕೊಟ್ಟು, ಗಾಡಿಯಲ್ಲಿ ಕ್ಯಾಮೆರಾ ಇಟ್ಟುಕೊಂಡು ಜಿಲ್ಲಾ ಕೇಂದ್ರಗಳ ನವಜಾತ ಶಿಶು ಘಟಕಗಳಿಗೆ ಕಳಿಸಿದರು. ಅವರು ಕೂಸಿನ ಕಣ್ಣಿನ ಚಿತ್ರ ತೆಗೆದು ಕಳಿಸಿದರೆ ತಜ್ಞರು ಫೋನಿನಲ್ಲೇ ನೋಡಿ ಹೇಳೋದು. ಬಾಣಂತಿ ಕೂಸನ್ನು ಎತ್ತಿಕೊಂಡು ರಾತ್ರಿ ಬಸ್ಸು ಹಿಡಿಯಬೇಕಾಗಿಲ್ಲ. ನಿಮ್ಮ ಬಂಧುಬಳಗದಲ್ಲಿ 34 ವಾರಕ್ಕಿಂತ ಮುಂಚೆ ಹುಟ್ಟಿದ, ಅಥವಾ ಎರಡು ಕೆಜಿಗಿಂತ ಕಡಿಮೆ ತೂಕದ ಕೂಸಿದ್ದರೆ ಇದೊಂದು ಮಾತು ಮರೀಬೇಡಿ. ಮೂವತ್ತು ದಿನದೊಳಗೆ ಕಣ್ಣು ತೋರಿಸಿ.

ಇನ್ನು ನನ್ನ ಸೋದರಮಾವನ ಕತೆ. ಹೊರಗಿನಿಂದ ಬಂದ ಒಂದು ತಂಡದವರು ನಮ್ಮ ಹೋಬಳಿಯಲ್ಲಿ ಶಿಬಿರ ಮಾಡಿದರು. ಬ್ಯಾನರ್, ಶಾಲು, ಫೋಟೋ ಎಲ್ಲ ಆಯಿತು. ಮಾವನನ್ನು ಬಸ್ಸಿನಲ್ಲಿ ಕರಕೊಂಡು ಹೋಗಿ ಪೊರೆ ತೆಗೆಸಿ ಕಳಿಸಿದರು. ಚೆನ್ನಾಗೇ ಆಗಿತ್ತು. ಮಾವ ಒಂದು ವರ್ಷ ಪೇಪರ್ ಓದಿದ. ಆಮೇಲೆ ನಿಧಾನವಾಗಿ ಮಂಜು ಕವಿಯಿತು. ತಂಡದವರು ಕೊಟ್ಟ ಚೀಟಿಯಲ್ಲಿದ್ದ ಫೋನ್ ನಂಬರಿಗೆ ಯಾರೂ ಎತ್ತಲಿಲ್ಲ. "ಏನವ್ವಾ, ಪುಕ್ಕಟೆ ಕೊಟ್ಟ ಕಣ್ಣು, ಅಷ್ಟೇ ದಿನ ಬರೋದು" ಅಂತ ಮಾವ ನನಗೆ ಫೋನಿನಲ್ಲಿ ನಕ್ಕುಬಿಟ್ಟ. ಎರಡು ವರ್ಷ ಹಾಗೇ ಕಳೆದ. ಹೊಲಕ್ಕೆ ಹೋಗೋದು ಬಿಟ್ಟ, ಮದುವೆ ಮುಂಜಿಗೆ ಹೋಗೋದು ಬಿಟ್ಟ.

ಅದು ಏನಾಗಿತ್ತು ಗೊತ್ತಾ? ಕೃತಕ ಮಸೂರದ ಹಿಂದೆ ಉಳಿಸಿರುವ ತೆಳು ಪೊರೆ ಕೆಲವರಿಗೆ ಕಾಲಾನಂತರದಲ್ಲಿ ಮಸುಕಾಗುತ್ತೆ. ತುಂಬ ಜನಕ್ಕೆ ಆಗುವಂಥದ್ದೇ. ಯಾಗ್ ಲೇಸರ್ ಅಂತ ಇದೆ, ಕೂತಲ್ಲೇ ಕೆಲವು ನಿಮಿಷದ ಕೆಲಸ, ಹೊಲಿಗೆ ಇಲ್ಲ, ಪಟ್ಟಿ ಇಲ್ಲ. ಅದನ್ನು ಮಾವನಿಗೆ ಹೇಳಿದವರು ಯಾರು? ಲಸಿಕೆಯ ಪಟ್ಟಿ ಹಿಡಿದು ಮನೆಗೆ ಬಂದ ನಮ್ಮ ಓಣಿಯ ಆಶಾ ಕಾರ್ಯಕರ್ತೆ. ಮಾವ ನೀರಿನ ತಂಬಿಗೆ ತಡಕಾಡೋದನ್ನ ನೋಡಿ, "ಕಾಕಾ, ಇದಕ್ಕೆ ಮದ್ದೈತಿ, ನಾಳೆ ನನ್ನ ಜೋಡಿ ಬರ್ರಿ" ಅಂತ ಜಿಲ್ಲಾಸ್ಪತ್ರೆಗೆ ಕರಕೊಂಡು ಹೋದಳು. ಸಂಜೆ ಮಾವ ನನಗೆ ವಿಡಿಯೋ ಕಾಲ್ ಮಾಡಿ, "ನಿನ್ನ ತಲಿಯೊಳಗ ಬಿಳಿಕೂದಲು ಬಂದಾವಲ್ಲವ್ವಾ" ಅಂದ. ಎರಡು ವರ್ಷದ ಕತ್ತಲೆಯನ್ನು ಒಂದು ಬಸ್ ಚಾರ್ಜು ಮತ್ತು ಜೊತೆಗೆ ಬಂದ ಒಬ್ಬ ಹೆಣ್ಣುಮಗಳು ತೆಗೆದರು. ಕರ್ನಾಟಕ ಸರ್ಕಾರದ ಆಶಾಕಿರಣ ಕಾರ್ಯಕ್ರಮದಲ್ಲೂ ಆಶಾ ಕಾರ್ಯಕರ್ತೆಯರೇ ಮನೆಮನೆಗೆ ಹೋಗಿ ಕಣ್ಣಿನ ಮೊದಲ ತಪಾಸಣೆ ಮಾಡಿದ್ದಾರೆ. ದಾರಿ ಕಡಿದಿರೋ ಜಾಗದಲ್ಲಿ ಸೇತುವೆ ಆಗೋರು ಇವರೇ.

"ಇದೆಲ್ಲ ಊರಿನ ಕತೆ, ನಾವು ಅಮೆರಿಕದಲ್ಲಿದ್ದೀವಲ್ಲ" ಅಂತ ಯಾರಿಗಾದರೂ ಅನ್ನಿಸಿದ್ದರೆ, ಇದೇ ಲಾಸ್ ಏಂಜಲೀಸ್ ಕೌಂಟಿಯ ಸುದ್ದಿ ಕೇಳಿ. ಸಕ್ಕರೆ ಕಾಯಿಲೆ ಇದ್ದವರಿಗೆ ವರ್ಷಕ್ಕೊಮ್ಮೆ ಕಣ್ಣಿನ ಹಿಂಪರದೆ ತೋರಿಸಬೇಕು. ಕೌಂಟಿಯ ಬಡವರ ಕ್ಲಿನಿಕ್ಕುಗಳಲ್ಲಿ ಅದಕ್ಕೆ ಕಾಯಬೇಕಿದ್ದ ಸಮಯ ಸುಮಾರು 158 ದಿನ. ಕಣ್ಣಿನ ತಜ್ಞರ ಸಂಖ್ಯೆ ಹೆಚ್ಚಿಸೋಕೆ ಆಗಲಿಲ್ಲ. ಆಗ ಕೌಂಟಿಯವರು ಮಾಡಿದ್ದೇನು? ಕ್ಲಿನಿಕ್ಕಿನಲ್ಲಿ ರಕ್ತದೊತ್ತಡ ನೋಡುವ ಸಹಾಯಕರಿಗೇ, ನರ್ಸುಗಳಿಗೇ ಕಣ್ಣಿನ ಫೋಟೋ ತೆಗೆಯೋದು ಕಲಿಸಿದರು. ಫೋಟೋ ಕಂಪ್ಯೂಟರಿನಲ್ಲಿ ಹೋಗುತ್ತೆ, ಬೇರೆ ಕಡೆ ಕೂತವರು ನೋಡಿ ಹೇಳ್ತಾರೆ. 2017ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ 21 ಸಾವಿರಕ್ಕೂ ಹೆಚ್ಚು ಜನಕ್ಕೆ ಹೀಗೆ ತಪಾಸಣೆ ಆಯಿತು, ಕಾಯುವ ಸಮಯ 158ರಿಂದ 17 ದಿನಕ್ಕೆ ಇಳಿಯಿತು. ಕೊಪ್ಪಳದ ಕೂಸಿಗೆ ಆದದ್ದೂ ಇದೇ, ಕಾಂಪ್ಟನ್ನಿನ ಕೂಲಿಯವನಿಗೆ ಆದದ್ದೂ ಇದೇ ಉಪಾಯ. ತಜ್ಞರು ದೂರ ಇದ್ದರೂ ಹತ್ತಿರದವರ ಕೈ ಕೆಲಸ ಮಾಡುತ್ತೆ. ಸ್ಯಾನ್ ಡಿಯಾಗೊದವರಿಗೂ ಹೇಳ್ತೀನಿ, ನಿಮ್ಮ ಊರಲ್ಲಿ ವಿಶ್ವವಿದ್ಯಾಲಯದ ಶೈಲಿ ಕಣ್ಣಿನ ಸಂಸ್ಥೆಯ ಗಾಡಿಯೊಂದು ಶಿಶುವಿಹಾರಗಳಿಗೇ ಹೋಗಿ ಮಕ್ಕಳ ಕಣ್ಣು ನೋಡುತ್ತೆ. ಇಲ್ಲಿ ಲಾಸ್ ಏಂಜಲೀಸ್‌ನಲ್ಲಿ 2012ರಿಂದ ವಿಷನ್ ಟು ಲರ್ನ್ ಅನ್ನೋರು ಶಾಲೆಗೇ ಬಂದು ಪುಕ್ಕಟೆ ಕನ್ನಡಕ ಕೊಡ್ತಾರೆ.

ಇನ್ನೊಂದು ಲೆಕ್ಕವೂ ಇಲ್ಲಿಯದ್ದೇ. ಲಾ ಪುವೆಂಟೆಯಲ್ಲಿ 40 ದಾಟಿದ ಆರು ಸಾವಿರಕ್ಕೂ ಹೆಚ್ಚು ಲ್ಯಾಟಿನೊ ಜನರ ಕಣ್ಣನ್ನು ಮನೆಮನೆ ಲೆಕ್ಕದಲ್ಲಿ ಪರೀಕ್ಷೆ ಮಾಡಿದರು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೆಚ್ಚುಕಡಿಮೆ ಅರ್ಧ ಜನರ ಹಿಂಪರದೆ ಆಗಲೇ ಕೆಟ್ಟಿತ್ತು. ಗ್ಲಾಕೋಮಾ ಇದ್ದ ನಾಲ್ವರಲ್ಲಿ ಮೂವರಿಗೆ ಅದು ಇರೋದೇ ಗೊತ್ತಿರಲಿಲ್ಲ. ಅವರೂ ನಮ್ಮ ಹಾಗೇ ದುಡಿಯೋಕೆ ಬಂದ ಜನ. ನಮ್ಮವರಲ್ಲಿ ಸಕ್ಕರೆ ಎಷ್ಟಿದೆ ಅಂತ ನಾನು ಹೇಳಬೇಕಾ? ಇವತ್ತು ಹೋಳಿಗೆ ಬೇಡ ಅಂದವರನ್ನ ಎಣಿಸಿ ನೋಡಿ, ಗೊತ್ತಾಗುತ್ತೆ.

ನನ್ನ ಮೇಜಿನಿಂದ ಕಂಡ ಒಂದು ವಿಷಯ ಹೇಳಲೇಬೇಕು. ನಮ್ಮವರು "ಕಣ್ಣು ಚೆಕ್ ಮಾಡಿಸಿದೆ" ಅಂದರೆ ಬಹಳ ಸಲ ಅದು ಕನ್ನಡಕದ ನಂಬರ್ ನೋಡಿಸಿದ್ದು ಮಾತ್ರ. ಅಕ್ಷರ ಸರಿಯಾಗಿ ಕಾಣೋದು ಬೇರೆ, ಕಣ್ಣು ಆರೋಗ್ಯವಾಗಿರೋದು ಬೇರೆ. ಗ್ಲಾಕೋಮಾ ಬದಿಯಿಂದ ಕದಿಯುತ್ತಾ ಬರುತ್ತೆ, ನಡುವಿನ ನೋಟ ಕೊನೆತನಕ ಚೆನ್ನಾಗಿರುತ್ತೆ, ನೋವೂ ಇರೋದಿಲ್ಲ. ಹೋದದ್ದು ವಾಪಸ್ ಬರೋದಿಲ್ಲ. ಅದಕ್ಕೇ ಕಣ್ಣಿಗೆ ಹನಿ ಹಾಕಿ ಪಾಪೆ ಅಗಲಿಸಿ ಹಿಂಪರದೆ, ನರ ನೋಡಬೇಕು, ಒತ್ತಡ ನೋಡಬೇಕು. ಕಂಪನಿ ಕೊಡುವ ವಿಷನ್ ಪ್ಲಾನು ಸಾಮಾನ್ಯವಾಗಿ ನಂಬರ್ ಮತ್ತು ಕನ್ನಡಕಕ್ಕೆ. ಸಕ್ಕರೆ, ಗ್ಲಾಕೋಮಾದಂಥ ಕಾಯಿಲೆಯ ತಪಾಸಣೆ ಸಾಮಾನ್ಯವಾಗಿ ನಿಮ್ಮ ವೈದ್ಯಕೀಯ ವಿಮೆಯಲ್ಲೇ ಬರುತ್ತೆ. ವಿಷನ್ ಪ್ಲಾನ್ ಇಲ್ಲ ಅಂತ ಸುಮ್ಮನೆ ಕೂರಬೇಡಿ, ಫೋನ್ ಮಾಡಿ ಕೇಳಿ. ದಿಢೀರಂತ ಕಣ್ಣಲ್ಲಿ ಮಿಂಚು ಹೊಡೆದಂತಾದರೆ, ಕರಿ ಚುಕ್ಕೆಗಳ ಮಳೆ ಬಂದರೆ, ಪರದೆ ಇಳಿದಂತಾದರೆ ಅವತ್ತೇ ಹೋಗಬೇಕು, ಶಿಫ್ಟ್ ಮುಗೀಲಿ ಅಂತ ಕಾಯಬಾರದು.

ಈಗ ಸೇವಾನಿಧಿಯ ವಿಷಯಕ್ಕೆ ಬರ್ತೀನಿ. ನನ್ನ ಸಲಹೆ ಇಷ್ಟು. ಶಾಮಿಯಾನ, ಬ್ಯಾನರ್, ನಮ್ಮ ವಿಮಾನದ ಟಿಕೆಟ್ಟು, ಇವುಗಳ ದುಡ್ಡನ್ನು ಒಂದೇ ಒಂದು ಹೋಬಳಿಗೆ ಮೂರು ವರ್ಷ ಕೊಡೋಣ. ಯಾವುದಕ್ಕೆ ಅಂತ ನಾವು ಇಲ್ಲಿ ಕೂತು ತೀರ್ಮಾನ ಮಾಡೋದು ಬೇಡ. ಅಲ್ಲಿನ ಆಶಾ ಕಾರ್ಯಕರ್ತೆಯರನ್ನ, ಆರೋಗ್ಯ ಕೇಂದ್ರದಲ್ಲಿ ಕಣ್ಣು ನೋಡುವವರನ್ನ, ಹೆಣ್ಣುಮಕ್ಕಳ ಸ್ವಸಹಾಯ ಸಂಘದವರನ್ನ ಮೊದಲು ಕೇಳೋಣ. ಅವರು ಕೇಳೋದು ಬಹುಶಃ ಸಣ್ಣಸಣ್ಣದು. ಆಸ್ಪತ್ರೆಗೆ ಹೋಗಿಬರೋ ಗಾಡಿ ಬಾಡಿಗೆ, ಜೊತೆಗೆ ಹೋದವರ ಆ ದಿನದ ಕೂಲಿ, ಓದೋ ಕನ್ನಡಕಗಳು, ಮೂರು ತಿಂಗಳಿಗೆ, ಒಂದು ವರ್ಷಕ್ಕೆ ಮತ್ತೆ ಮನೆಗೆ ಹೋಗಿ "ಈಗ ಹೇಗೆ ಕಾಣ್ತದೆ" ಅಂತ ಕೇಳೋರಿಗೆ ಗೌರವಧನ. ಇದಕ್ಕೆ ಫೋಟೋ ಚೆನ್ನಾಗಿ ಬರೋದಿಲ್ಲ. ಆದರೆ ಮಾವನಂಥವರು ಎರಡು ವರ್ಷ ಕತ್ತಲಲ್ಲಿ ಕೂರೋದು ತಪ್ಪುತ್ತೆ.

ಖಜಾಂಚಿಗಳು ಒಂದು ಮಾತು ಗಮನಿಸಬೇಕು. ಅಮೆರಿಕದ ಪೌರರು ಕೊಟ್ಟ ದುಡ್ಡು, ಓಸಿಐ ಕಾರ್ಡ್ ಇದ್ದವರು ಕೊಟ್ಟದ್ದು, ಇಲ್ಲಿ ನೋಂದಾಯಿಸಿದ ಸಂಘದ ದುಡ್ಡು ಭಾರತದಲ್ಲಿ ವಿದೇಶಿ ವಂತಿಗೆ ಅಂತ ಲೆಕ್ಕ. 2010ರ ಕಾಯ್ದೆಯ ಪ್ರಕಾರ ಅದಕ್ಕೆ ನೋಂದಣಿ ಇರುವ ಸಂಸ್ಥೆಯೇ ತಗೋಬೇಕು. ಭಾರತದ ಪಾಸ್‌ಪೋರ್ಟ್ ಇರುವ ನಮ್ಮಂಥವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ವಂತಿಗೆ ಅಲ್ಲ. ಒಳ್ಳೆ ಕೆಲಸ ಮಾಡೋಕೆ ಹೋಗಿ ಅಲ್ಲಿನವರನ್ನ ತಾಪತ್ರಯಕ್ಕೆ ಸಿಕ್ಕಿಸೋದು ಬೇಡ. ಹಾಗಾಗಿ ಮೊದಲೇ ತಿಳಿದವರನ್ನ ಕೇಳಿ ಮುಂದುವರಿಯೋಣ.

ನಿಧಿಯ ತೀರ್ಮಾನ ಕಾರ್ಯಕಾರಿ ಸಮಿತಿಗೆ ಬಿಟ್ಟದ್ದು. ಆದರೆ ಒಂದು ಕೆಲಸಕ್ಕೆ ಸಮಿತಿ ಬೇಕಾಗಿಲ್ಲ, ದುಡ್ಡೂ ಬೇಕಾಗಿಲ್ಲ. ಈ ವಾರ ಊರಿಗೆ ಫೋನ್ ಮಾಡಿದಾಗ "ಊಟ ಆಯ್ತಾ, ಮಳೆ ಬಂತಾ" ಕೇಳಿದ ಮೇಲೆ ಐದು ಪ್ರಶ್ನೆ ಕೇಳಿ. ಒಂದು ಕಣ್ಣು ಮುಚ್ಚಿದರೆ ಇನ್ನೊಂದರಲ್ಲಿ ಗೋಡೆಯ ಕ್ಯಾಲೆಂಡರ್ ಕಾಣ್ತದಾ? ಸಂಜೆಯಾದ ಮೇಲೆ ಹೊರಗೆ ಹೋಗೋದು ಬಿಟ್ಟಿದ್ದೀರಾ? ದೀಪದ ಸುತ್ತ ಬಣ್ಣದ ಬಳೆ ಕಾಣ್ತದಾ? ಸಕ್ಕರೆ ಇದ್ದರೆ, ಕಣ್ಣಿಗೆ ಹನಿ ಹಾಕಿ ನೋಡಿಸಿ ಎಷ್ಟು ದಿನ ಆಯ್ತು? ಮೊದಲೇ ಪೊರೆ ತೆಗೆಸಿದ್ದರೆ, ಈಗ ಮತ್ತೆ ಮಂಜಾಗಿದೆಯಾ? ಉತ್ತರ ಸರಿ ಬರದಿದ್ದರೆ ಅಲ್ಲೇ ಫೋನ್ ಇಡಬೇಡಿ. ಜೊತೆಗೆ ಯಾರು ಹೋಗ್ತಾರೆ, ಯಾವ ದಿನ ಹೋಗ್ತಾರೆ ಅಂತ ಗೊತ್ತುಮಾಡಿಕೊಂಡೇ ಇಡಿ. ಅಪ್ಪನಿಗೆ ಕೇಳಿ ನಿಲ್ಲಿಸಬೇಡಿ, ಅಮ್ಮನ ಕೈಗೆ ಫೋನ್ ಕೊಡಿಸಿ. ಅವಳು ತಾನಾಗಿ ಹೇಳೋದಿಲ್ಲ.

ನಾವು ದೂರ ಇರೋರು. ನಮ್ಮ ಕೈ ಅಲ್ಲಿಗೆ ಮುಟ್ಟೋದಿಲ್ಲ. ಅಲ್ಲಿರೋ ಕೈಗಳಿಗೆ ಬಲ ಕೊಡೋದು ಮಾತ್ರ ನಮ್ಮಿಂದ ಆಗುವಂಥದ್ದು. ಊಟ ಮಾಡಿಕೊಂಡು ಹೋಗುವಾಗ ಕನ್ನಡಕದ ಕಡ್ಡಿ ಸಡಿಲ ಆದವರು ನನ್ನ ಹತ್ತಿರ ಬನ್ನಿ, ಸಣ್ಣ ಸ್ಕ್ರೂಡ್ರೈವರ್ ಪರ್ಸಿನಲ್ಲೇ ಇದೆ.